ಚೌಕಾಬಾರಕ್ಕೆ ಹೊಸ ನಿಯಮ: ಮೊದಲು ಲೆಕ್ಕ, ಆಮೇಲೆ ಆಟ



ಹುಳಿಯಾರಿನ ಜಗಲಿಗಳಲ್ಲಿ ಚೌಕಾಬಾರ ಹೊಸದೇನಲ್ಲ. 25 ಮನೆ, ನಾಲ್ಕು ಹುಣಸೆ ಬೀಜ, ಕಾಯಿಗೆ ತೆಂಗಿನ ಚಿಪ್ಪಿನ ಚೂರು ಇದ್ದರೆ ಸಾಕು. ಆಡಿ ಆಡಿ ಬೇಸರವಾದರೆ ನಿಯಮ ಬದಲಿಸಬಹುದು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರೂ ಹೊಸ ಮಣೆಯಾಟಗಳನ್ನು ರಚಿಸಿದವರೇ. ಆದರೆ ಬದಲಿಸುವ ಮೊದಲು ಲೆಕ್ಕ ಹಾಕಿ.

ಒಂದು ಬದಿ ಉಜ್ಜಿದ ಬೀಜ ಬಿಳಿ, ಕಪ್ಪು ಎರಡೂ ಬದಿಗೆ ಸಮನಾಗಿ ಬೀಳುತ್ತದೆ ಎನ್ನೋಣ. ನಾಲ್ಕು ಬೀಜಗಳಿಗೆ 2×2×2×2 = 16 ಸಾಧ್ಯತೆಗಳು. ನಾಲ್ಕೂ ಬಿಳಿಯಾದರೆ ಚೌಕ, ನಾಲ್ಕೂ ಕಪ್ಪಾದರೆ ಬಾರ. ಇವೆರಡಕ್ಕೆ ಮಾತ್ರ ಮತ್ತೊಂದು ಎಸೆತ. ಅದರ ಸಂಭವನೀಯತೆ 2/16, ಅಂದರೆ 1/8.

‘ಎರಡು ಬಿದ್ದರೂ ಮತ್ತೊಂದು ಎಸೆತ’ ಎಂದು ಸೇರಿಸಿದರೆ? ಎರಡು ಬೀಳುವ ಬಗೆಗಳು 6. ಒಟ್ಟು 8/16, ಅಂದರೆ ಅರ್ಧ! ಒಬ್ಬರು ಎಸೆಯುತ್ತಲೇ ಇರುತ್ತಾರೆ, ಉಳಿದವರು ನೋಡುತ್ತಾ ಕೂರಬೇಕು.

ಹಾಗಾಗಿ ಒಮ್ಮೆಗೆ ಒಂದೇ ನಿಯಮ ಬದಲಿಸಿ. ಆಟ ಶುರುವಾಗುವ ಮೊದಲೇ ಎಲ್ಲರೂ ಒಪ್ಪಿಕೊಳ್ಳಿ. ಸೋಲುವಾಗ ತಂದ ನಿಯಮ ಹೊಸತನವಲ್ಲ, ಮೋಸ.

ಅಭ್ಯಾಸ: ಐದು ಬೀಜ ಬಳಸಿ, ಐದೂ ಬಿಳಿ ಅಥವಾ ಐದೂ ಕಪ್ಪಾದಾಗ ಮಾತ್ರ ಮತ್ತೊಂದು ಎಸೆತ ಕೊಟ್ಟರೆ ಸಂಭವನೀಯತೆ ಎಷ್ಟು?