ಕೈತೋಟದ ಟೊಮೇಟೊ ಒಣಗಿಸುವ ಕ್ರಮ

ಟೊಮೇಟೊ ಗಿಡವು ಫಲ ಕೊಡುವಾಗ ಒಮ್ಮೆಲೇ ಕೊಡುತ್ತದೆ. ಹಿತ್ತಿಲಿನಲ್ಲಿ ಹತ್ತು ಹನ್ನೆರಡು ಗಿಡಗಳನ್ನು ನೆಟ್ಟ ಮನೆಯವರು ಕೆಲವು ವಾರಗಳ ಕಾಲ ಹಣ್ಣನ್ನು ಏನು ಮಾಡಬೇಕೆಂದು ತೋಚದೆ ನೆರೆಹೊರೆಗೆ ಹಂಚುತ್ತಾರೆ. ಮಳೆಗಾಲ ಬಂದಾಗ ಅದೇ ಹಣ್ಣನ್ನು ಅಂಗಡಿಯಿಂದ ಕಾಲು ಕಿಲೋ ಲೆಕ್ಕದಲ್ಲಿ ತರುತ್ತಾರೆ. ಈ ವೈಪರೀತ್ಯವು ಮಾರುಕಟ್ಟೆಯಲ್ಲಿ ಇನ್ನೂ ದೊಡ್ಡದಾಗಿ ಕಾಣುತ್ತದೆ. ಬೆಲೆ ಕುಸಿದ ದಿನಗಳಲ್ಲಿ ಬಿಡಿಸಿದ ಕೂಲಿಯೂ ಹುಟ್ಟದೆ ರೈತನು ಹಣ್ಣನ್ನು ರಸ್ತೆಯ ಬದಿಗೆ ಸುರಿದು ಹೋಗುವುದುಂಟು; 2023ನೆಯ ಇಸವಿಯ ಜುಲೈ ತಿಂಗಳಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋಗ್ರಾಂ ಪೆಟ್ಟಿಗೆಯೊಂದರ ಬೆಲೆ 2,000 ರೂಪಾಯಿಗಳನ್ನು ದಾಟಿದ್ದೂ ಉಂಟು. ಮನೆಯ ಮಾಳಿಗೆಯ ಮೇಲೆ ಒಣಗುವ ನಾಲ್ಕು ತಟ್ಟೆ ಹಣ್ಣು ರೈತನ ಸಂಕಟಕ್ಕೆ ಪರಿಹಾರವಾಗಲಾರದು; ಅದಕ್ಕೆ ಬೇರೆ ವ್ಯವಸ್ಥೆಯೇ ಬೇಕು. ಆದರೆ ಒಂದು ಕುಟುಂಬದ, ಹೆಚ್ಚೆಂದರೆ ಒಂದು ವಿದ್ಯಾರ್ಥಿನಿಲಯದ ಅಡುಗೆಮನೆಯ ಮಟ್ಟಿಗೆ ಈ ಕ್ರಮವು ನಿಜವಾಗಿಯೂ ಉಪಯುಕ್ತವಾದುದು.

ಒಣಗಿಸಿಡುವ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿಗಳು ಬೇಸಗೆಯ ಬಿಸಿಲನ್ನು ವರ್ಷವಿಡೀ ಊಟದ ಎಲೆಗೆ ತರುತ್ತವೆ. ಆದರೂ ಟೊಮೇಟೊ ಈ ಸಾಲಿಗೆ ಸೇರಲಿಲ್ಲ. ಅಮೆರಿಕ ಖಂಡದಿಂದ ಯುರೋಪಿಗೂ, ಅಲ್ಲಿಂದ ಪೋರ್ಚುಗೀಸರ ಮೂಲಕ ಭಾರತಕ್ಕೂ ಬಂದ ಈ ಹಣ್ಣು ನಮ್ಮ ಅಡುಗೆಯಲ್ಲಿ ನೆಲೆಯೂರಿದ್ದು ತಡವಾಗಿ. ಹುಳಿಗೆ ಹುಣಸೆಹಣ್ಣು ಇದ್ದ ಮನೆಗೆ ಇನ್ನೊಂದು ಹುಳಿಯನ್ನು ಕೂಡಿಡುವ ಅಗತ್ಯವೂ ತೋರಿರಲಾರದು. ಇಟಲಿಯ ದಕ್ಷಿಣ ಭಾಗದಲ್ಲಿ ಹಾಗಾಗಲಿಲ್ಲ. ಸಿಸಿಲಿ ದ್ವೀಪದ ಗೃಹಿಣಿಯರು ಹಣ್ಣನ್ನು ಸೀಳಿ ಒಣಗಿಸುವುದಲ್ಲದೆ, ಸೋಸಿದ ರಸವನ್ನು ಮರದ ಹಲಗೆಗಳ ಮೇಲೆ ಹರಡಿ, ಆಗಾಗ್ಗೆ ಕೈಯಾಡಿಸುತ್ತ, ಬಿಸಿಲಿನಲ್ಲಿಯೇ ಗಟ್ಟಿಯಾದ ಕೆಂಪು ಲೇಹ್ಯವನ್ನಾಗಿ ಮಾಡುವ ರೂಢಿಯನ್ನು ಬೆಳೆಸಿದರು.

ಈ ಕೆಲಸದ ಸ್ವರೂಪವನ್ನು ತಿಳಿಯಲು ಪ್ರೌಢಶಾಲೆಯ ವಿದ್ಯಾರ್ಥಿಯೂ ಮಾಡಬಹುದಾದ ಒಂದು ಲೆಕ್ಕ ಸಾಕು. ಮಾಗಿದ ಟೊಮೇಟೊ ಹಣ್ಣಿನಲ್ಲಿ ನೂರಕ್ಕೆ ಸುಮಾರು 94 ಭಾಗ ನೀರು. ಹತ್ತು ಕಿಲೋಗ್ರಾಂ ಹಣ್ಣಿನಲ್ಲಿ ಘನಪದಾರ್ಥವಿರುವುದು 600 ಗ್ರಾಂ ಮಾತ್ರ. ನೂರಕ್ಕೆ ಹತ್ತು ಭಾಗ ತೇವ ಉಳಿಯುವಂತೆ ಒಣಗಿಸಿದರೆ ಕೈಗೆ ಬರುವುದು ಸುಮಾರು 670 ಗ್ರಾಂ. ಮಿಕ್ಕ ಒಂಬತ್ತು ಕಿಲೋಗ್ರಾಮಿಗೂ ಹೆಚ್ಚಿನ ನೀರು ಗಾಳಿಗೆ ಹೋಗಬೇಕು. ಒಂದು ಕಿಲೋಗ್ರಾಂ ನೀರನ್ನು ಆವಿಯಾಗಿಸಲು ಹತ್ತಿರ ಹತ್ತಿರ 2,400 ಕಿಲೋಜೌಲ್ ಶಾಖ ಬೇಕಾಗುತ್ತದೆ. ಈ ಶಾಖವನ್ನೆಲ್ಲ ವಿದ್ಯುತ್ತಿನ ಒಲೆಯಿಂದ ಪಡೆಯುವುದಾದರೆ, ಎಳ್ಳಷ್ಟೂ ವ್ಯರ್ಥವಾಗದಿದ್ದರೂ ಆರು ಯೂನಿಟ್ಟುಗಳಿಗೆ ಕಡಿಮೆಯಿಲ್ಲ. ವಾಸ್ತವದಲ್ಲಿ ಅದರ ಇಮ್ಮಡಿಯನ್ನೂ ಮೀರಬಹುದು. ಸೂರ್ಯನಾದರೋ ಇದನ್ನು ಲೆಕ್ಕವಿಡದೆ ಕೊಡುತ್ತಾನೆ.

ಕೇವಲ ಬಿಸಿಲಿದ್ದರೆ ಸಾಲದು, ಗಾಳಿಯೂ ಒಣಗಿರಬೇಕು. ನೀರು ಹಣ್ಣಿನಿಂದ ಹೊರಟು ಸೇರಬೇಕಾದುದು ಗಾಳಿಯನ್ನೇ. ಆ ಗಾಳಿ ಮೊದಲೇ ತೇವದಿಂದ ತುಂಬಿದ್ದರೆ ಹೊಸ ನೀರಿಗೆ ಅಲ್ಲಿ ಎಡೆಯಿಲ್ಲ. ಬಯಲುಸೀಮೆಯಲ್ಲಿ ಫೆಬ್ರುವರಿಯಿಂದ ಏಪ್ರಿಲ್‌ವರೆಗಿನ ದಿನಗಳು ಈ ಕೆಲಸಕ್ಕೆ ಹೇಳಿಸಿದವು. ಕರಾವಳಿಯಲ್ಲಿ ಬಿಸಿಲು ಎಷ್ಟೇ ಚುರುಕಾಗಿದ್ದರೂ ಕಡಲಗಾಳಿಯ ತೇವದಿಂದ ಹಣ್ಣು ಒಣಗುವುದಕ್ಕಿಂತ ಮೊದಲೇ ಬೂಷ್ಟು ಹಿಡಿಯುವ ಭಯವಿದೆ. ಅಲ್ಲಿನವರು ಗಾಜು ಹೊದಿಸಿದ, ಕೆಳಗಿನಿಂದ ಗಾಳಿ ಒಳಬಂದು ಮೇಲಿನಿಂದ ಹೊರಹೋಗುವ ಕಂಡಿಗಳುಳ್ಳ ಸೌರಪೆಟ್ಟಿಗೆಯನ್ನು ಬಳಸುವುದು ಲೇಸು. ಪೆಟ್ಟಿಗೆಯೊಳಗೆ ಕಾದ ಗಾಳಿಯು ಹೆಚ್ಚು ನೀರನ್ನು ಹೊರಬಲ್ಲುದು.

ಹಣ್ಣಿನ ಆಯ್ಕೆಯಲ್ಲಿ ತಿರುಳು ಹೆಚ್ಚಾಗಿ ರಸ ಕಡಿಮೆಯಿರುವ ತಳಿಗಳು ಅನುಕೂಲ. ರೋಮಾ ಎಂಬ ವಿದೇಶೀ ತಳಿ, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸೌರಭ ಇಂಥವು. ನಾಟಿ ಹಣ್ಣು ರಸಭರಿತವಾದುದರಿಂದ ಒಂದು ದಿನ ಹೆಚ್ಚು ಬೇಡುತ್ತದೆ. ಆದರೆ ಒಣಗಿದ ಮೇಲೆ ಅದರ ಹುಳಿಯ ಮುಂದೆ ಉಳಿದವು ಸಪ್ಪೆಯೇ ಸರಿ. ಯಾವ ತಳಿಯಾದರೂ ಪೂರ್ತಿ ಕೆಂಪಾಗಿ, ಗಟ್ಟಿಯಾಗಿ, ಕಲೆಯಿಲ್ಲದಂತಿರಬೇಕು. ಕೊಳೆತ ಭಾಗವನ್ನು ಕೆತ್ತಿ ಉಳಿದುದನ್ನು ಒಣಗಿಸುವ ಮಿತವ್ಯಯವು ಮಿತವ್ಯಯವಲ್ಲ.

ಟೊಮೇಟೊ ಸಿಪ್ಪೆಯು ಮೇಣದಂಥ ಲೇಪವುಳ್ಳದ್ದು. ನೀರನ್ನು ಸುಲಭವಾಗಿ ಹೊರಬಿಡುವುದಿಲ್ಲ. ಆದುದರಿಂದ ಇಡೀ ಹಣ್ಣು ಬಿಸಿಲಿನಲ್ಲಿ ಒಣಗದು, ಕೊಳೆಯುತ್ತದೆ. ತೊಳೆದು ನೀರಾರಿಸಿ, ತೊಟ್ಟಿನ ಗಟ್ಟಿ ಭಾಗವನ್ನು ತೆಗೆದು, ಸಣ್ಣ ಹಣ್ಣನ್ನು ಎರಡಾಗಿ ಸೀಳಬೇಕು. ದೊಡ್ಡದನ್ನು ಅರ್ಧ ಅಂಗುಲಕ್ಕೂ ತೆಳುವಾದ ಬಿಲ್ಲೆಗಳಾಗಿ ಹೆಚ್ಚಬೇಕು. ಬೀಜದ ಲೋಳೆಯನ್ನು ತೆಗೆದರೆ ಬೇಗ ಒಣಗುವುದು ನಿಜ. ಆದರೆ ಟೊಮೇಟೊಗೆ ರುಚಿ ಕೊಡುವ ಗ್ಲುಟಾಮಿಕ್ ಆಮ್ಲವು ತಿರುಳಿಗಿಂತ ಆ ಲೋಳೆಯಲ್ಲಿಯೇ ಹೆಚ್ಚು. ತೆಗೆದವರು ಅದನ್ನು ಚೆಲ್ಲದೆ ಅಂದಿನ ಸಾರಿಗೆ ಹಾಕುವುದು ಜಾಣತನ.

ಹೋಳುಗಳ ಕೊಯ್ದ ಮುಖವನ್ನು ಮೇಲಾಗಿಸಿ, ಒಂದಕ್ಕೊಂದು ತಾಗದಂತೆ ಬಿದಿರಿನ ಮೊರದ ಮೇಲೆ ಅಥವಾ ಬಿಗಿದು ಕಟ್ಟಿದ ತೆಳುಬಟ್ಟೆಯ ಮೇಲೆ ಹರಡಬೇಕು. ಸತುವಿನ ಲೇಪವಿರುವ ತಂತಿಬಲೆ ಕೂಡದು, ಹಣ್ಣಿನ ಆಮ್ಲವು ಲೋಹವನ್ನು ಕರಗಿಸುತ್ತದೆ. ಮೇಲೆ ತುಸು ಉಪ್ಪು ಉದುರಿಸಿದರೆ ರಸ ಹೊರಬರಲು ಸಹಾಯವಾಗುತ್ತದೆ. ವ್ಯಾಪಾರಕ್ಕಾಗಿ ಒಣಗಿಸುವವರು ಬಣ್ಣ ಕೆಡದಿರಲೆಂದು ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ದ್ರಾವಣದಲ್ಲಿ ಅದ್ದುವುದುಂಟು. ಅದು ಉಬ್ಬಸದ ರೋಗಿಗಳಲ್ಲಿ ಕೆಲವರಿಗೆ ಆಗದು, ಮನೆಯ ಬಳಕೆಗೆ ಅದರ ಅವಶ್ಯಕತೆಯೂ ಇಲ್ಲ. ನೊಣ, ಧೂಳುಗಳಿಂದ ಕಾಪಾಡಲು ತೆಳುವಾದ ಬಿಳಿ ಬಟ್ಟೆಯನ್ನು ಹೋಳುಗಳಿಗೆ ತಾಗದಂತೆ ಎತ್ತರಿಸಿ ಕಟ್ಟಬೇಕು. ಸಂಜೆ ಇಬ್ಬನಿ ಬೀಳುವ ಮುನ್ನ ಒಳಗೆ ತರಬೇಕು. ಎರಡನೆಯ ದಿನದಿಂದ ಮಗುಚಬೇಕು. ಬಯಲುಸೀಮೆಯ ಬಿಸಿಲಿನಲ್ಲಿ ಸೀಳಿದ ಹಣ್ಣಿಗೆ ಮೂರರಿಂದ ಐದು ದಿನ ಹಿಡಿಯಬಹುದು.

ಬೇಗ ಮುಗಿಯಲೆಂದು ಒಲೆಯಲ್ಲಿ ಒಣಗಿಸುವವರು ಶಾಖವನ್ನು ಏರಿಸುತ್ತಾರೆ. ಅನರ್ಥ ಆರಂಭವಾಗುವುದು ಅಲ್ಲಿಯೇ. 55ರಿಂದ 65 ಡಿಗ್ರಿ ಸೆಲ್ಸಿಯಸ್ ಯೋಗ್ಯವಾದ ಶಾಖ. ಅದಕ್ಕೂ ಬಹಳ ಹೆಚ್ಚಾದರೆ ಹೊರಮೈ ಮೊದಲೇ ಬಿರುಸಾಗಿ ಪೊರೆಗಟ್ಟುತ್ತದೆ. ಒಳಗಿನ ನೀರಿಗೆ ದಾರಿ ಮುಚ್ಚುತ್ತದೆ. ಇಂಥ ಹೋಳು ಕಣ್ಣಿಗೆ ಚೆನ್ನಾಗಿ ಒಣಗಿದಂತೆಯೇ ಕಂಡು, ಕೆಲವು ವಾರಗಳಲ್ಲಿ ಶೀಸೆಯೊಳಗೆ ಬೂಷ್ಟು ಹಿಡಿಯುತ್ತದೆ. ಜನರು ಆಗ ಶೀಸೆಯನ್ನು ದೂರುತ್ತಾರೆ.

ಒಣಗಿತೋ ಇಲ್ಲವೋ ಎಂಬುದನ್ನು ಬೆರಳಿನಿಂದ ನೋಡುವುದು ವಾಡಿಕೆ. ಬಗ್ಗಿಸಿದರೆ ಚರ್ಮದಂತೆ ಬಾಗಿ, ಸೀಳಿದರೆ ಒಳಗೆ ಅಂಟು ಕಾಣದಿರಬೇಕು. ತೆಳು ಬಿಲ್ಲೆಯಾದರೆ ಮುರಿಯಬೇಕು. ಆದರೆ ಬಿಸಿಯಾಗಿರುವ ಹೋಳು ಮೆತ್ತಗಿದ್ದು ತಣಿದ ಮೇಲೆ ಗಟ್ಟಿಯಾಗುವುದರಿಂದ ಬೆರಳು ಮೋಸಹೋಗುತ್ತದೆ. ತಕ್ಕಡಿಯೇ ಹೆಚ್ಚು ನಂಬಿಕೆಗೆ ಪಾತ್ರವಾದುದು. ಉಪ್ಪು ಹಾಕದ ಒಂದು ಕಿಲೋಗ್ರಾಂ ಹೋಳುಗಳನ್ನು ಬೇರೆ ತಟ್ಟೆಯಲ್ಲಿಟ್ಟು ದಿನವೂ ತೂಗಿದರೆ, ಹಣ್ಣಿನ ತಳಿಗನುಸಾರ 56ರಿಂದ 78 ಗ್ರಾಮಿಗೆ ಇಳಿದಾಗ ಕೆಲಸ ಮುಗಿಯಿತೆನ್ನಬಹುದು. ಮೇಲೆ ಮಾಡಿದ ಲೆಕ್ಕವನ್ನೇ ನೂರಕ್ಕೆ 95 ಮತ್ತು 93 ಭಾಗ ನೀರಿಗೆ ಅನ್ವಯಿಸಿದರೆ ಈ ಎರಡು ಅಂಕೆಗಳು ದೊರೆಯುತ್ತವೆ.

ತೆರೆದ ಬಿಸಿಲಿನಲ್ಲಿ ಒಣಗಿದ ಹಣ್ಣಿನಲ್ಲಿ ಕೀಟಗಳ ಮೊಟ್ಟೆಗಳಿರಬಹುದು. ಕೊನೆಯಲ್ಲಿ ಸುಮಾರು 70 ಡಿಗ್ರಿ ಶಾಖದಲ್ಲಿ ಅರ್ಧ ಗಂಟೆ ಇರಿಸಿದರೆ ಅವು ನಾಶವಾಗುತ್ತವೆ. ತಣಿದ ಬಳಿಕ ಒಣಗಿದ ಗಾಜಿನ ಶೀಸೆಯ ಮೂರರಲ್ಲಿ ಎರಡು ಭಾಗದಷ್ಟು ಸಡಿಲವಾಗಿ ತುಂಬಿ, ಒಂದು ವಾರ ಕಾಲ ದಿನಕ್ಕೊಮ್ಮೆ ಅಲುಗಾಡಿಸಬೇಕು. ಹೆಚ್ಚು ಒಣಗಿದ ಹೋಳು ಕಡಿಮೆ ಒಣಗಿದುದರ ತೇವವನ್ನು ಹೀರಿಕೊಂಡು ಎಲ್ಲವೂ ಸಮನಾಗುತ್ತವೆ. ಶೀಸೆಯ ಒಳಗೋಡೆಯಲ್ಲಿ ಹನಿ ಕಂಡರೆ ಮತ್ತೆ ಬಿಸಿಲಿಗೆ ಹಾಕಬೇಕು. ಈ ಒಂದು ವಾರವನ್ನು ಬಿಟ್ಟವರ ಶ್ರಮವೇ ಬಹುಮಟ್ಟಿಗೆ ಹಾಳಾಗುವುದು. ಅನಂತರ ಬಿಗಿಯಾಗಿ ಮುಚ್ಚಿ ಕತ್ತಲೆಯಲ್ಲಿಡಬೇಕು. ಹಣ್ಣಿನ ಕೆಂಪಿಗೆ ಕಾರಣವಾದ ಲೈಕೊಪೀನ್ ಶಾಖವನ್ನು ತಕ್ಕಮಟ್ಟಿಗೆ ತಾಳಿಕೊಂಡರೂ ಬೆಳಕು ಮತ್ತು ಗಾಳಿಗೆ ಮಾಸುತ್ತದೆ. ಸಿ ಜೀವಸತ್ವದ ಹೆಚ್ಚಿನ ಭಾಗ ಬಿಸಿಲಿನಲ್ಲಿಯೇ ನಷ್ಟವಾಗಿರುತ್ತದೆ.

ಪ್ರಾಣಾಪಾಯಕ್ಕೆ ಎಡೆಗೊಡಬಹುದಾದ ಒಂದು ಸಂಗತಿಯನ್ನು ಇಲ್ಲಿ ಬಿಡಿಸಿ ಹೇಳಬೇಕಾಗಿದೆ. ಅರೆಬರೆ ಒಣಗಿದ ಹಣ್ಣನ್ನು ಹಸಿ ಬೆಳ್ಳುಳ್ಳಿಯೊಡನೆ ಎಣ್ಣೆಯಲ್ಲಿ ಮುಳುಗಿಸಿಡುವ ರೀತಿ ಇತ್ತೀಚೆಗೆ ನಮ್ಮಲ್ಲಿಯೂ ಹಬ್ಬುತ್ತಿದೆ. ಉಪ್ಪಿನಕಾಯಿ ಎಣ್ಣೆಯಲ್ಲಿ ಕೆಡುವುದಿಲ್ಲವೆಂಬ ಅನುಭವವೇ ಇದಕ್ಕೆ ಧೈರ್ಯ ಕೊಡುತ್ತದೆ. ಆದರೆ ಉಪ್ಪಿನಕಾಯಿಯನ್ನು ಕಾಯುವುದು ಮುಖ್ಯವಾಗಿ ಅದರ ಉಪ್ಪು ಮತ್ತು ಹುಳಿ; ಎಣ್ಣೆ ಗಾಳಿಯನ್ನು ತಡೆಯುತ್ತದೆ, ಅಷ್ಟೆ. ಕ್ಲಾಸ್ಟ್ರಿಡಿಯಂ ಬೊಟುಲಿನಂ ಎಂಬ ಸೂಕ್ಷ್ಮಜೀವಿಗೆ ಗಾಳಿಯಿಲ್ಲದ ಎಡೆಯೇ ಪ್ರಿಯ. ಹುಳಿಯ ಅಳತೆಯಾದ ಪಿಎಚ್ 4.6ಕ್ಕಿಂತ ಕೆಳಗಿದ್ದರೆ ಅದು ಬೆಳೆಯದು. ಟೊಮೇಟೊ ಈ ಗಡಿಯ ಆಚೀಚೆ ನಿಲ್ಲುವ ಹಣ್ಣು. ಬೆಳ್ಳುಳ್ಳಿಯಲ್ಲಂತೂ ಅಷ್ಟು ಹುಳಿಯಿಲ್ಲ. ಅದು ಉತ್ಪತ್ತಿಮಾಡುವ ವಿಷವು ನರಗಳನ್ನು ನಿಷ್ಕ್ರಿಯಗೊಳಿಸುತ್ತದೆ. ಬಣ್ಣದಿಂದಾಗಲಿ ವಾಸನೆಯಿಂದಾಗಲಿ ಅದನ್ನು ಗುರುತಿಸಲಾಗುವುದಿಲ್ಲ. ಆದುದರಿಂದ ಹಣ್ಣನ್ನು ಒಣದಾಗಿಯೇ ಇಟ್ಟುಕೊಂಡು, ಎಣ್ಣೆಯ ರುಚಿ ಬೇಕಾದಾಗ ಸ್ವಲ್ಪವೇ ಕಲಸಿ, ಶೀತಕಪೆಟ್ಟಿಗೆಯಲ್ಲಿರಿಸಿ ಎರಡು ಮೂರು ದಿನಗಳಲ್ಲಿ ತೀರಿಸುವುದೇ ಕ್ಷೇಮ.

ಬಳಸುವಾಗ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿದರೆ ಹೋಳು ಮೆದುವಾಗುತ್ತದೆ. ನೆನೆಸಿದ ನೀರನ್ನೂ ಸಾರಿಗೆ ಹಾಕಬೇಕು. ಒಣಮೆಣಸಿನಕಾಯಿ, ಕೊಬ್ಬರಿಗಳೊಡನೆ ಕುಟ್ಟಿದರೆ ರೊಟ್ಟಿಗೆ ಒಳ್ಳೆಯ ಚಟ್ನಿಪುಡಿಯಾಗುತ್ತದೆ. ಪುಡಿಯನ್ನು ಮಾತ್ರ ಒಂದು ವಾರಕ್ಕೆ ಬೇಕಾದಷ್ಟೇ ಮಾಡಿಕೊಳ್ಳಬೇಕು. ಹಣ್ಣಿನ ಸಕ್ಕರೆಯು ಗಾಳಿಯ ತೇವವನ್ನು ಬೇಗ ಹೀರಿಕೊಳ್ಳುವುದರಿಂದ ಅದು ಮಳೆಗಾಲದಲ್ಲಿ ನಾಲ್ಕೇ ದಿನಕ್ಕೆ ಗಂಟುಕಟ್ಟುತ್ತದೆ.