ಶ್ರೀಲಂಕಾದ ಅಡಿಗೆಮನೆಯೂ ಅರಿಶಿನದ ಬೀಜವೂ

ದಾಲ್ಚಿನ್ನಿ ಎಂದೊಡನೆ ನೆನಪಿಗೆ ಬರುವ ನಾಡು ಶ್ರೀಲಂಕಾ. ಪ್ರಪಂಚದ ಪೇಟೆಗೆ ಬರುವ ಅಸಲು ದಾಲ್ಚಿನ್ನಿಯ ಬಹುಪಾಲು ಈ ದ್ವೀಪದ್ದೇ ಆಗಿದೆ. ಕರಿಮೆಣಸು, ಲವಂಗ, ಜಾಯಿಕಾಯಿ, ಏಲಕ್ಕಿಗಳೂ ಅಲ್ಲಿ ಬೆಳೆದು ಹಡಗು ಹತ್ತುತ್ತವೆ. ಇಂಥ ನಾಡಿನಲ್ಲಿ 2020ರಲ್ಲಿ ಗೃಹಿಣಿಯರು ಅಡಿಗೆಗೆ ಬೇಕಾದ ಚಿಟಿಕೆ ಅರಿಶಿನಕ್ಕಾಗಿ ಅಂಗಡಿಯಿಂದ ಅಂಗಡಿಗೆ ಅಲೆಯಬೇಕಾಯಿತು. ಹೀಗಾಗಲು ಕಾರಣವೇನು? ಅರಿಶಿನ ಬೆಳೆಯುವ ನಮ್ಮ ರೈತ ಬಾಂಧವರಿಗೆ ಇದರಿಂದ ತಿಳಿಯುವುದೇನು? ಇವನ್ನು ಇಲ್ಲಿ ವಿವರಿಸಲಾಗಿದೆ.

ಹೊರಗೆ ಹೋಗುವ ಬೆಳೆ, ಒಳಗೆ ಬರುವ ಬೆಳೆ

ಶ್ರೀಲಂಕಾದ ವಿಸ್ತೀರ್ಣ 65,610 ಚದರ ಕಿಲೋಮೀಟರ್. ಅಂದರೆ ನಮ್ಮ ರಾಜ್ಯದ ಸುಮಾರು ಮೂರನೇ ಒಂದು ಭಾಗ. ದ್ವೀಪದ ನೈಋತ್ಯ ಭಾಗದಲ್ಲಿ ಮಳೆ ಹೆಚ್ಚು. ದಾಲ್ಚಿನ್ನಿ, ಮೆಣಸು, ಲವಂಗ, ಜಾಯಿಕಾಯಿಯಂಥ ಬಹುವಾರ್ಷಿಕ ಬೆಳೆಗಳು ಅಲ್ಲಿಗೆ ಒಗ್ಗುತ್ತವೆ. ಇವುಗಳ ಹೆಚ್ಚಿನ ಪಾಲು ಹೊರದೇಶಗಳಿಗೆ ಹೋಗುತ್ತದೆ.

ಆದರೆ ದಿನನಿತ್ಯದ ಸಾರಿಗೂ ಪಲ್ಯಕ್ಕೂ ಬೇಕಾದದ್ದು ಒಣಮೆಣಸಿನಕಾಯಿ, ಕೊತ್ತಂಬರಿ, ಜೀರಿಗೆ, ಮೆಂತ್ಯ, ಸಾಸಿವೆ ಮತ್ತು ಅರಿಶಿನ. ಇವುಗಳಲ್ಲಿ ಜೀರಿಗೆಗೆ ತಂಪಾದ, ಒಣ ಹವೆಯ ಚಳಿಗಾಲ ಬೇಕು. ಗುಜರಾತ್, ರಾಜಸ್ಥಾನಗಳ ಹಿಂಗಾರಿನಲ್ಲಿ ದೊರೆಯುವ ಆ ಹವೆ ಶ್ರೀಲಂಕಾದಲ್ಲಿಲ್ಲ. ಆದ್ದರಿಂದ ಅದನ್ನು ಕೊಂಡು ತರುವುದೇ ಸರಿ. ಆದರೆ ಮೆಣಸಿನಕಾಯಿ ಮತ್ತು ಅರಿಶಿನದ ಮಾತು ಬೇರೆ. ಇವೆರಡೂ ಅಲ್ಲಿನ ಮಣ್ಣಿನಲ್ಲಿ ಚೆನ್ನಾಗಿ ಬರುತ್ತವೆ. ಆದರೂ ಅವು ಹೆಚ್ಚಾಗಿ ಭಾರತದಿಂದ ಹೋಗುವ ವಾಡಿಕೆ ಬೆಳೆದುಬಂತು.

ಮೆಣಸಿನಕಾಯಿಯ ಹಳೆಯ ಅನುಭವ

ಹೊರಗಿನ ಮಾಲನ್ನು ತಡೆದು ಒಳಗೆ ಬೆಳೆಸುವ ಪ್ರಯೋಗ ಶ್ರೀಲಂಕಾಕ್ಕೆ ಹೊಸದೇನಲ್ಲ. 1970ರಿಂದ 1977ರವರೆಗಿನ ಸರ್ಕಾರವು ವಿದೇಶಿ ವಿನಿಮಯ ಉಳಿಸಲು ಮೆಣಸಿನಕಾಯಿ, ಈರುಳ್ಳಿ ಮುಂತಾದವುಗಳ ಆಮದನ್ನು ಬಿಗಿಗೊಳಿಸಿತು. ಉತ್ತರದ ಜಾಫ್ನಾ ಪ್ರದೇಶದ ರೈತರು ಬಾವಿ ನೀರಿನಲ್ಲಿ ಇವನ್ನು ಬೆಳೆದು ಒಳ್ಳೆಯ ಲಾಭ ಕಂಡರು. 1977ರಲ್ಲಿ ಸರ್ಕಾರ ಬದಲಾಗಿ ಆಮದಿನ ಬಾಗಿಲು ತೆರೆದಾಗ ಅಗ್ಗದ ಮಾಲು ಒಳಬಂದು ಈ ರೈತರು ನಷ್ಟಕ್ಕೀಡಾದರು. ಮುಂದೆ ನುಸಿ, ಥ್ರಿಪ್ಸ್ ಕೀಟ ಮತ್ತು ನಂಜುರೋಗಗಳಿಂದ ಬರುವ ಎಲೆ ಮುಟುರು ರೋಗವೂ ಬೆಳೆಯನ್ನು ಕಾಡಿತು. ಹಣ್ಣಾಗಲು ಬಿಟ್ಟು ಒಣಗಿಸುವುದಕ್ಕಿಂತ ಹಸಿಕಾಯಿ ಮಾರುವುದೇ ಲೇಸೆಂದು ಅನೇಕರು ಭಾವಿಸಿದರು. ಒಂದು ಕಿಲೋ ಒಣಕಾಯಿಗೆ ಸುಮಾರು ನಾಲ್ಕು ಕಿಲೋ ಹಣ್ಣುಕಾಯಿ ಬೇಕಲ್ಲವೇ?

ಅರಿಶಿನದ ಅಭಾವ

ಶ್ರೀಲಂಕಾದಲ್ಲಿ ಅರಿಶಿನವನ್ನು ಕುರುನೇಗಲ, ಗಂಪಹ, ಕ್ಯಾಂಡಿ ಮುಂತಾದ ಜಿಲ್ಲೆಗಳಲ್ಲಿ ಬೆಳೆಯಲಾಗುತ್ತಿದೆ. ತೆಂಗಿನ ತೋಟದ ನಡುವೆ ಮಿಶ್ರಬೆಳೆಯಾಗಿಯೂ ಇದು ಬರುತ್ತದೆ. ಆದರೆ 2019ರವರೆಗೆ ದೇಶದ ಬೇಡಿಕೆಯ ಹೆಚ್ಚಿನ ಭಾಗವನ್ನು ಭಾರತದ ಅರಿಶಿನವೇ ತುಂಬುತ್ತಿತ್ತು.

2019ರ ಕೊನೆಯಲ್ಲಿ ಅಲ್ಲಿನ ಸರ್ಕಾರವು ಒಳನಾಡಿನ ರೈತರಿಗೆ ನೆರವಾಗಲೆಂದು ಅರಿಶಿನದ ಆಮದನ್ನು ತಡೆಯಿತು. ಉದ್ದೇಶ ಒಳ್ಳೆಯದೇ. ಆದರೆ ಕೆಲವೇ ತಿಂಗಳಲ್ಲಿ ಕೋವಿಡ್ ಹಬ್ಬಿತು. ರೋಗ ತಡೆಯುತ್ತದೆಂಬ ನಂಬಿಕೆಯಿಂದ ಅರಿಶಿನಕ್ಕೆ ಬೇಡಿಕೆ ಏರಿತು. ಕಿಲೋಗೆ ಕೆಲವೇ ನೂರು ರೂಪಾಯಿಗೆ ದೊರೆಯುತ್ತಿದ್ದ ಅರಿಶಿನದ ಬೆಲೆ ಸಾವಿರಗಳನ್ನು ಮುಟ್ಟಿತು. ಗರಿಷ್ಠ ಬೆಲೆ ಗೊತ್ತುಪಡಿಸಿದರೂ ಆ ಬೆಲೆಗೆ ಮಾಲು ಸಿಗಲಿಲ್ಲ. ಪುಡಿಗೆ ಹಿಟ್ಟು ಬೆರೆಸಿ ಮಾರುವವರೂ ಹುಟ್ಟಿಕೊಂಡರು.

ಅದೇ ವರ್ಷ ನಮ್ಮ ಮಾರುಕಟ್ಟೆಗಳಲ್ಲಿ ಅರಿಶಿನದ ಬೆಲೆ ಕ್ವಿಂಟಾಲಿಗೆ ಸುಮಾರು ಐದಾರು ಸಾವಿರ ರೂಪಾಯಿ, ಅಂದರೆ ಕಿಲೋಗೆ 50-60 ರೂಪಾಯಿ ಇತ್ತು. ನಮ್ಮ ಒಂದು ರೂಪಾಯಿ ಅವರ ಸುಮಾರು ಎರಡೂವರೆ ರೂಪಾಯಿಗೆ ಸಮವೆಂದು ಲೆಕ್ಕ ಹಾಕಿದರೂ ಅಂತರ ಬಲು ದೊಡ್ಡದು. ತಮಿಳುನಾಡಿನ ರಾಮನಾಥಪುರ, ತೂತುಕುಡಿ ಕರಾವಳಿಯಿಂದ ದೋಣಿಗಳಲ್ಲಿ ಅರಿಶಿನ ಕಳ್ಳಸಾಗಣೆಯಾಗತೊಡಗಿತು. ಎರಡೂ ಕಡೆಯ ನೌಕಾಪಡೆ, ಪೊಲೀಸರು ಚಿನ್ನವನ್ನು ಹಿಡಿಯುವಂತೆ ಅರಿಶಿನದ ಮೂಟೆಗಳನ್ನು ಹಿಡಿದರು. ಈ ಬೆಲೆಯಿಂದ ನಮ್ಮ ಬೆಳೆಗಾರನಿಗೆ ಬಂದ ಲಾಭ ಏನೂ ಇಲ್ಲ. ಲಾಭವೆಲ್ಲ ನಡುವಿನವರ ಪಾಲಾಯಿತು.

ಕೊರತೆ ಇದ್ದದ್ದು ಭೂಮಿಗಲ್ಲ, ಬೀಜಕ್ಕೆ

ಬೆಲೆ ಏರಿದೊಡನೆ ರೈತರು ಬೆಳೆದು ಕೊರತೆ ತುಂಬಬಹುದಿತ್ತಲ್ಲ ಎಂದು ಕೇಳಬಹುದು. ಒಂದು ಲೆಕ್ಕ ನೋಡೋಣ. ಸಾವಿರ ಟನ್ ಒಣ ಅರಿಶಿನ ಹೆಚ್ಚಾಗಿ ಬೇಕೆಂದು ಇಟ್ಟುಕೊಳ್ಳಿ. ಹಸಿ ಗೆಡ್ಡೆಯನ್ನು ಬೇಯಿಸಿ ಒಣಗಿಸಿದಾಗ ಸುಮಾರು ಐದನೇ ಒಂದು ಭಾಗ ಉಳಿಯುತ್ತದೆ. ಆದ್ದರಿಂದ 5,000 ಟನ್ ಹಸಿ ಗೆಡ್ಡೆ ಬೇಕು. ಹೆಕ್ಟೇರಿಗೆ 20 ಟನ್ ಇಳುವರಿಯಾದರೆ 250 ಹೆಕ್ಟೇರ್ ಭೂಮಿ ಸಾಕು. ಒಂದು ದೇಶಕ್ಕೆ ಇದು ದೊಡ್ಡ ಕ್ಷೇತ್ರವಲ್ಲ. ಆದರೆ ಹೆಕ್ಟೇರಿಗೆ ಎರಡೂವರೆ ಟನ್‌ನಂತೆ 625 ಟನ್ ಬಿತ್ತನೆ ಗೆಡ್ಡೆ ಬೇಕು!

ಅರಿಶಿನದ ಬೀಜ ರಾಗಿಯ ಬೀಜದಂತಲ್ಲ. ಒಂದು ಕಿಲೋ ಗೆಡ್ಡೆ ಊರಿದರೆ ಸುಮಾರು ಎಂಟು ಕಿಲೋ ಬರುತ್ತದೆ. ಈ ವರ್ಷದಷ್ಟೇ ಕ್ಷೇತ್ರವನ್ನು ಮುಂದಿನ ವರ್ಷವೂ ಬೆಳೆಯಲು ಫಸಲಿನ ಎಂಟನೇ ಒಂದು ಭಾಗವನ್ನು ತೆಗೆದಿಡಬೇಕು. ಕ್ಷೇತ್ರವನ್ನು ಇಮ್ಮಡಿಗೊಳಿಸಬೇಕಾದರೆ ನಾಲ್ಕನೇ ಒಂದು ಭಾಗವನ್ನೇ ತೆಗೆದಿಡಬೇಕು. ಬೆಲೆ ಗಗನಕ್ಕೇರಿದಾಗ ಇದು ಕಷ್ಟ. ಬೀಜಕ್ಕೆಂದು ಇಟ್ಟ ಗೆಡ್ಡೆಯೂ ಮಾರುಕಟ್ಟೆಗೆ ಹೋಗುತ್ತದೆ. ಅಲ್ಲದೆ ಏಪ್ರಿಲ್-ಮೇನಲ್ಲಿ ಊರಿದ ಬೆಳೆ ಕೀಳಲು ಬರುವುದು 8-9 ತಿಂಗಳ ನಂತರ. ಬೇಯಿಸಿ ಒಣಗಿಸಲು ಮತ್ತೆರಡು ವಾರ ಬೇಕು. ಆದ್ದರಿಂದ 2019ರ ಕೊನೆಯಲ್ಲಿ ಬಾಗಿಲು ಮುಚ್ಚಿದ ಮೇಲೆ 2021ರ ಆರಂಭದವರೆಗೆ ಹೊಸ ಕ್ಷೇತ್ರದ ಫಸಲು ಬರುವಂತಿರಲಿಲ್ಲ. ಬಾಯಾರಿದಾಗ ಬಾವಿ ತೋಡಿದಂತಾಯಿತು. ಎರಡು ಮೂರು ವರ್ಷ ಮೊದಲೇ ಬೀಜ ವೃದ್ಧಿ ಮಾಡಿ, ಆಮೇಲೆ ಹಂತ ಹಂತವಾಗಿ ಆಮದು ಇಳಿಸಿದ್ದರೆ ರೈತನೂ ಉಳಿಯುತ್ತಿದ್ದ, ಅಡಿಗೆಮನೆಯೂ ತಾಳಿಕೊಳ್ಳುತ್ತಿತ್ತು.

ನಮ್ಮ ರೈತರು ಗಮನಿಸಬೇಕಾದ ಅಂಶಗಳು

1. ಬೀಜವನ್ನು ಮೊದಲು ತೆಗೆದಿಡಿ. ಬೆಲೆ ಎಷ್ಟೇ ಇರಲಿ, ಫಸಲಿನ ಎಂಟನೇ ಒಂದು ಭಾಗವನ್ನು ಮಾರಬೇಡಿ. ಕೊಳೆರೋಗ ಇಲ್ಲದ ತಾಕಿನಿಂದ, ಚೆನ್ನಾಗಿ ಬಲಿತ ಗೆಡ್ಡೆಗಳನ್ನೇ ಆರಿಸಿ. ಶಿಫಾರಸಾದ ಶಿಲೀಂಧ್ರನಾಶಕ ದ್ರಾವಣದಲ್ಲಿ 30 ನಿಮಿಷ ಅದ್ದಿ, ನೆರಳಿನಲ್ಲಿ ಆರಿಸಿ. ನಂತರ ನೆರಳಿರುವ, ನೀರು ನಿಲ್ಲದ ಜಾಗದ ಗುಂಡಿಯಲ್ಲಿ ಮರಳು ಅಥವಾ ಮರದ ಹೊಟ್ಟಿನ ಪದರಗಳ ನಡುವೆ ಇಟ್ಟು, ಗಾಳಿಯಾಡುವಂತೆ ಹಲಗೆ ಮುಚ್ಚಿ.

2. ಬೀಜ ಕಡಿಮೆ ಇದ್ದಾಗ ಸಸಿ ಪದ್ಧತಿ ಅನುಸರಿಸಿ. ಒಂದೊಂದು ಕಣ್ಣಿರುವ 5-7 ಗ್ರಾಂ ತುಂಡುಗಳನ್ನು ತೆಂಗಿನ ನಾರಿನ ಪುಡಿ ಮತ್ತು ಎರೆಗೊಬ್ಬರ ತುಂಬಿದ ತಟ್ಟೆಗಳಲ್ಲಿ ಊರಿ, 30-40 ದಿನಗಳ ಸಸಿಗಳನ್ನು ನಾಟಿ ಮಾಡಬಹುದು. ಈ ವಿಧಾನದಲ್ಲಿ ವಾಡಿಕೆಯ ಬೀಜದ ಸುಮಾರು ಮೂರನೇ ಒಂದು ಭಾಗ ಸಾಕಾಗುತ್ತದೆ.

3. ಬೆಲೆ ಏರಿದ ವರ್ಷ ದುಬಾರಿ ಬೀಜ ಕೊಂಡು ಕ್ಷೇತ್ರ ಹಿಗ್ಗಿಸಬೇಡಿ. ನೀವು ಕೀಳುವ ಹೊತ್ತಿಗೆ ಎಲ್ಲರೂ ಕೀಳುತ್ತಿರುತ್ತಾರೆ. ಅವಸರದಲ್ಲಿ ಕೊಂಡ ಗೆಡ್ಡೆಯೊಡನೆ ಕೊಳೆರೋಗವೂ ಹೊಲಕ್ಕೆ ಬರಬಹುದು.

4. ಸರ್ಕಾರದ ತಡೆಯೊಂದನ್ನೇ ನಂಬಿ ಬೆಳೆ ಯೋಜನೆ ಮಾಡಬೇಡಿ. ಕರಿಮೆಣಸಿನ ವಿಷಯದಲ್ಲಿ ಕೊಡಗು, ಚಿಕ್ಕಮಗಳೂರು, ಹಾಸನದ ಬೆಳೆಗಾರರಿಗೆ ಇದರ ಅನುಭವವಿದೆ. 2000ದಿಂದ ಜಾರಿಗೆ ಬಂದ ಭಾರತ-ಶ್ರೀಲಂಕಾ ವ್ಯಾಪಾರ ಒಪ್ಪಂದದಡಿ ಅಲ್ಲಿನ ಮೆಣಸು ಸುಂಕದ ರಿಯಾಯಿತಿಯಲ್ಲಿ ಒಳಬಂದಾಗ ಇಲ್ಲಿ ಬೆಲೆ ಕುಸಿಯಿತೆಂಬ ದೂರು ಎದ್ದಿತು. 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆ ನಿಗದಿ ಮಾಡಬೇಕಾಯಿತು. ಹಾಕಿದ ಬೇಲಿಯನ್ನು ತೆಗೆಯಲೂ ಬಹುದು ಎಂಬುದನ್ನು ಜಾಫ್ನಾದ ರೈತರು 1977ರಲ್ಲಿ ಕಂಡರು.

5. ಮನೆಬಳಕೆಗೆ ಬೇಕಾದಷ್ಟನ್ನು ಮನೆಯಲ್ಲೇ ಬೆಳೆಯಿರಿ. ತೆಂಗು, ಅಡಿಕೆ ಮರಗಳ ನಡುವೆ ಬಿಸಿಲು ಬೀಳುವ ಕಡೆ ನಾಲ್ಕು ಏರುಮಡಿ ಅರಿಶಿನ ಹಾಕಿದರೆ ಒಂದು ಕುಟುಂಬದ ವರ್ಷದ ಬಳಕೆಗೂ ಮುಂದಿನ ಬೀಜಕ್ಕೂ ಸಾಕು.

ಶ್ರೀಲಂಕಾದ ರೈತರಲ್ಲಿ ದುಡಿಮೆ ಇತ್ತು, ನೆಲವಿತ್ತು, ಮಳೆಯೂ ಇತ್ತು. ಬೇಕಾದ ಹೊತ್ತಿಗೆ ಬೀಜವಿರಲಿಲ್ಲ. ಆದ್ದರಿಂದ ಅರಿಶಿನ ಬೆಳೆಯುವ ರೈತ ಬಾಂಧವರು ಬರುವ ಕೊಯ್ಲಿನಲ್ಲಿ ಮಾರುವ ಮೂಟೆಗೆ ಮುನ್ನ ಬೀಜದ ಗುಂಡಿಯನ್ನು ತುಂಬಿಸಿಕೊಳ್ಳುವುದು ಅತ್ಯವಶ್ಯಕ.