ಹಳೆಯ ಗಣಕಯಂತ್ರದ ಕಿಲುಬು

ಗದಗ-ಬೆಟಗೇರಿಯ ಮುದ್ರಣಾಲಯವೊಂದರ ಅಟ್ಟದ ಮೇಲಾಗಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಯಾವುದಾದರೊಂದು ಶಾಲೆಯ ಉಗ್ರಾಣದಲ್ಲಾಗಲಿ, 1990ರ ಸುಮಾರಿನ ಗಣಕಯಂತ್ರವು ಧೂಳು ಹಿಡಿದು ಬಿದ್ದಿದ್ದರೆ ಅದನ್ನು ತೂಕಕ್ಕೆ ಮಾರುವ ಮೊದಲು ಮುಚ್ಚಳ ತೆಗೆದು ನೋಡತಕ್ಕದ್ದು. ಮುಖ್ಯ ಫಲಕದ ಒಂದು ಅಂಚಿನಲ್ಲಿ ಪುಟ್ಟ ಪೀಪಾಯಿಯಂತಹ ಬ್ಯಾಟರಿಯೊಂದು ಬೆಸೆದಿರಬಹುದು. ಅದರ ಸುತ್ತ ಬಿಳಿಯ ಹುಡಿ, ತಾಮ್ರದ ಗೆರೆಗಳ ಮೇಲೆ ಹಸಿರು-ನೀಲಿ ಕಿಲುಬು ಕಂಡರೆ ಯಂತ್ರದ ರೋಗ ಗೊತ್ತಾದಂತೆಯೇ.

ಇದು ನಿಕಲ್-ಕ್ಯಾಡ್ಮಿಯಮ್ ಬ್ಯಾಟರಿ. 1899ರಲ್ಲಿ ಸ್ವೀಡನ್ನಿನ ವಾಲ್ಡೆಮಾರ್ ಯುಂಗ್ನರ್ ನಿರ್ಮಿಸಿದ ಬಗೆಯದು. ಒಂದು ಕೋಶದಿಂದ 1.2 ವೋಲ್ಟ್, ಮೂರನ್ನು ಸಾಲಾಗಿ ಜೋಡಿಸಿದರೆ 3.6 ವೋಲ್ಟ್. ಅದರ ಕೆಲಸವಾದರೋ ಅತ್ಯಲ್ಪ. 1984ರ ಐ.ಬಿ.ಎಂ. ಪಿ.ಸಿ. ಎ.ಟಿ. ಯಂತ್ರದಲ್ಲಿ ಕಾಲಗಣನೆಗೆಂದು ಇರಿಸಿದ್ದ ಮೋಟೊರೋಲಾ ಚಿಪ್ಪಿನ ಸ್ಮೃತಿ 64 ಬೈಟು ಮಾತ್ರ: 14 ಗಡಿಯಾರಕ್ಕೆ, ಉಳಿದ 50 ಡಿಸ್ಕಿನ ವಿವರವೇ ಮೊದಲಾದವುಗಳಿಗೆ. ಈ ಮಾದರಿಯನ್ನು ಅನುಸರಿಸಿ ಇತರರು ತಯಾರಿಸಿದ ಅನೇಕ ಯಂತ್ರಗಳಲ್ಲಿ, ವಿದ್ಯುತ್ತು ಆರಿದಾಗ ಆ ಸ್ಮೃತಿಯನ್ನು ಕಾಯುವ ಭಾರ ನಿಕಲ್-ಕ್ಯಾಡ್ಮಿಯಮ್ ಬ್ಯಾಟರಿಯ ಮೇಲೆ ಬಿದ್ದಿತು. ಐವತ್ತು ಬೈಟುಗಳನ್ನು ಉಳಿಸಲು ಇಟ್ಟ ಕಾವಲುಗಾರನೇ ಮನೆಯನ್ನು ಹಾಳುಮಾಡಿದ ಕಥೆ ಇದು!

"ಬ್ಯಾಟರಿಯ ಆಸಿಡ್ ಸೋರಿದೆ" ಎನ್ನುವುದು ವಾಡಿಕೆಯ ಮಾತು. ಕೂಡಲೇ ಅಡಿಗೆ ಸೋಡಾ ತಂದು ತಿಕ್ಕುವವರುಂಟು. ಮೋಟಾರು ಗಾಡಿಯ ಸೀಸದ ಬ್ಯಾಟರಿಗೆ ಇದು ಸರಿಯಾದ ಉಪಾಯ. ಅದರೊಳಗೆ ಇರುವುದು ಗಂಧಕಾಮ್ಲ. ಆದರೆ ನಿಕಲ್-ಕ್ಯಾಡ್ಮಿಯಮ್ ಕೋಶದೊಳಗೆ ಇರುವುದು ಪೊಟ್ಯಾಸಿಯಮ್ ಹೈಡ್ರಾಕ್ಸೈಡ್ ಎಂಬ ತೀಕ್ಷ್ಣ ಕ್ಷಾರ. ಅದಕ್ಕೆ ಸೋಡಾ ಬೆರೆಸಿದರೆ ಕಾರ್ಬೊನೇಟ್ ಉಂಟಾಗುವುದೇ ಹೊರತು ಕ್ಷಾರಗುಣ ಹೋಗದು.

ಸಂದೇಹ ಪರಿಹಾರಕ್ಕೆ ಪ್ರಯೋಗಶಾಲೆಗೆ ಹೋಗಬೇಕಾಗಿಲ್ಲ. ಅರಿಶಿನವನ್ನು ನೀರಿನಲ್ಲಿ ಕದಡಿ ಬಿಳಿಯ ಕಾಗದಕ್ಕೆ ಬಳಿದು ಒಣಗಿಸಿರಿ. ಬ್ಯಾಟರಿಯ ಬಳಿಯ ಹುಡಿಯನ್ನು ಕಡ್ಡಿಯಿಂದ ಸ್ವಲ್ಪ ತೆಗೆದು, ತೇವಮಾಡಿದ ಆ ಕಾಗದದ ಮೇಲೆ ಇಡಿರಿ. ಕೆಂಪಾದರೆ ಕ್ಷಾರ. ಆಮ್ಲವಾಗಿದ್ದರೆ ಹಳದಿಯೇ ಉಳಿಯುವುದು.

ಕ್ಷಾರವು ಹೊರಬಂದುದು ಹೇಗೆ? ವರ್ಷಗಟ್ಟಲೆ ಯಂತ್ರವನ್ನು ನಡೆಸದಿದ್ದರೆ ಬ್ಯಾಟರಿ ತಾನಾಗಿ ಬರಿದಾಗುತ್ತದೆ. ಅದರ ಬಿರಡೆ ಶಿಥಿಲವಾಗುತ್ತದೆ. ಋಣಾಗ್ರದಲ್ಲಿ ಗಾಳಿಯ ಆಮ್ಲಜನಕವೂ ತೇವವೂ ಎಲೆಕ್ಟ್ರಾನುಗಳನ್ನು ಪಡೆದು ಹೊಸ ಹೈಡ್ರಾಕ್ಸೈಡ್ ಅಯಾನುಗಳಾಗುವುದರಿಂದ, ದ್ರವವು ತೆಳುವಾದ ಪೊರೆಯಾಗಿ ಲೋಹದ ಮೇಲೆ ತೆವಳುತ್ತ ಮುಂದುವರಿಯುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಅದು ಪೊಟ್ಯಾಸಿಯಮ್ ಕಾರ್ಬೊನೇಟ್ ಆಗುತ್ತದೆ. ನಾವು ಕಂಡ ಬಿಳಿಯ ಹುಡಿ ಇದೇ. ಈ ಲವಣಕ್ಕೆ ತೇವವನ್ನು ಸೆಳೆಯುವ ಗುಣವಿರುವುದರಿಂದ ಮಳೆಗಾಲ ಬಂತೆಂದರೆ ಕೊರೆತ ಮತ್ತೆ ಚುರುಕಾಗುವುದು. ತವರ, ಸೀಸಗಳು ಆಮ್ಲದಲ್ಲಿಯಂತೆ ಕ್ಷಾರದಲ್ಲಿಯೂ ಕರಗಬಲ್ಲ ಲೋಹಗಳು. ಬೆಸುಗೆ ಮಂಕಾಗಿರುವುದಕ್ಕೆ ಕಾರಣ ಅದು.

ಇನ್ನು ಚಿಕಿತ್ಸೆ. ವಿದ್ಯುತ್ ಸಂಪರ್ಕ ತಪ್ಪಿಸಿ, ಕೈಗವಸು ಮತ್ತು ಕನ್ನಡಕ ಧರಿಸಿ ಫಲಕವನ್ನು ಹೊರತೆಗೆಯಿರಿ. ವಿದ್ಯುತ್ ಪೂರೈಸುವ ಪೆಟ್ಟಿಗೆಯನ್ನು ಮಾತ್ರ ಬಿಚ್ಚಕೂಡದು. ಬ್ಯಾಟರಿಯ ಕಾಲುಗಳನ್ನು ಕಟ್ಟರಿನಿಂದ ಕತ್ತರಿಸಬೇಕು. ಮೀಟಿ ಎಬ್ಬಿಸಿದರೆ ತಾಮ್ರದ ಗೆರೆಯೇ ಕಿತ್ತುಬರುವುದು. ಅನಂತರ ಅರಳೆ ಸುತ್ತಿದ ಕಡ್ಡಿಯನ್ನು ವಿನಿಗರಿನಲ್ಲಿ ಅದ್ದಿ ಒರೆಸಿರಿ. ನೊರೆ ಏಳುವುದು ಕಾರ್ಬೊನೇಟಿನಿಂದ ಬಿಡುಗಡೆಯಾದ ಇಂಗಾಲದ ಡೈಆಕ್ಸೈಡು. ತಾಮ್ರದ ಹಂಡೆಯನ್ನು ಹುಣಸೆಹಣ್ಣಿನಿಂದ ಬೆಳಗುವ ನಮ್ಮ ತಾಯಂದಿರ ರಸಾಯನಶಾಸ್ತ್ರವೂ ಇದೇ ಜಾತಿಯದು; ಆದರೆ ಹುಣಸೆಯ ತಿರುಳು, ಲಿಂಬೆಯ ಸಕ್ಕರೆ ಫಲಕದ ಮೇಲೆ ಉಳಿಯುವುದರಿಂದ ವಿನಿಗರೇ ಲೇಸು.

ನೊರೆ ನಿಂತ ಮೇಲೆ ವಿನಿಗರನ್ನೂ ಉಳಿಸಬಾರದು; ಅದೂ ತಾಮ್ರವನ್ನು ತಿನ್ನುವುದು. ತೊಳೆಯಲು ನಮ್ಮ ಭಾಗದ ಕೊಳವೆಬಾವಿಯ ಸವಳು ನೀರು ಬೇಡ. ಒಣಗಿದಾಗ ಅದರ ಲವಣಗಳು ಅಲ್ಲಿಯೇ ನಿಲ್ಲುವುವು. ಇನ್ವರ್ಟರಿಗೆ ಹಾಕುವ ಭಟ್ಟಿಯಿಳಿಸಿದ ನೀರು ಎಲ್ಲ ಊರುಗಳಲ್ಲಿಯೂ ದೊರೆಯುತ್ತದೆ. ಬಳಿಕ ಐಸೋಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಎರಡು ದಿನ ಒಣಗಲು ಬಿಡಿರಿ.

ಮಲ್ಟಿಮೀಟರಿನಿಂದ ಒಂದೊಂದು ಗೆರೆಯ ಎರಡೂ ತುದಿಗಳನ್ನು ಮುಟ್ಟಿ, ವಿದ್ಯುತ್ತು ಹರಿಯುವುದೇ ಎಂದು ನೋಡುವುದು ಬೇಸರದ ಕೆಲಸ. ಆದರೂ ಯಂತ್ರ ಬದುಕುವುದೋ ಇಲ್ಲವೋ ತಿಳಿಯುವುದು ಇಲ್ಲಿಯೇ. ತುಂಡಾದಲ್ಲಿ ಎನಾಮೆಲ್ ಲೇಪಿಸಿದ ತೆಳು ತಾಮ್ರದ ತಂತಿಯನ್ನು, ತುದಿಯ ಲೇಪ ಕೆರೆದು ಬೆಸೆಯಬಹುದು.

ಹೊಸ ಬ್ಯಾಟರಿಯನ್ನು ಫಲಕದ ಮೇಲೆ ಕೂರಿಸದೆ, ಗೋಡೆ ಗಡಿಯಾರಕ್ಕೆ ಹಾಕುವಂತಹ ಮೂರು ಸೆಲ್ಲುಗಳನ್ನು ಡಬ್ಬಿಯಲ್ಲಿಟ್ಟು ತಂತಿಯಿಂದ ಜೋಡಿಸಿರಿ; ನಡುವೆ ಒಂದು ಡಯೋಡ್ ಅವಶ್ಯ. ಫಲಕವು ತನ್ನ ಹಳೆಯ ಬ್ಯಾಟರಿಗೆ ವಿದ್ಯುತ್ತು ತುಂಬುತ್ತಿದ್ದಿತಷ್ಟೆ. ಈ ಸೆಲ್ಲುಗಳಿಗೆ ಹಾಗೆ ತುಂಬಿದರೆ ಅವೂ ಸೋರುವುವು. ಡಯೋಡಿನಲ್ಲಿ ಸುಮಾರು 0.7 ವೋಲ್ಟ್ ಕಳೆದರೆ, 4.5ರಲ್ಲಿ 3.8 ಉಳಿಯುವುದು. ಗಡಿಯಾರಕ್ಕೆ ಇಷ್ಟು ಸಾಕು.

ಕತ್ತರಿಸಿ ತೆಗೆದ ಬ್ಯಾಟರಿಯನ್ನು ತಿಪ್ಪೆಗೆ ಎಸೆಯಕೂಡದು. ಜಪಾನಿನ ಜಿನ್ಜು ನದಿಯ ಬಯಲಿನಲ್ಲಿ ಗಣಿಯಿಂದ ಹರಿದ ಕ್ಯಾಡ್ಮಿಯಮ್ ಗದ್ದೆಯ ಅಕ್ಕಿಯನ್ನು ಸೇರಿ, ಜನರ ಎಲುಬುಗಳನ್ನು ಮೆತ್ತಗೆ ಮಾಡಿದ 'ಇತಾಯ್-ಇತಾಯ್' ರೋಗಕ್ಕೆ ಈ ಲೋಹವೇ ಕಾರಣವೆಂದು ಅಲ್ಲಿಯ ಸರಕಾರ 1968ರಲ್ಲಿ ಒಪ್ಪಿತು. ನಮ್ಮಲ್ಲಿ 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಹಳೆಯ ಬ್ಯಾಟರಿಯನ್ನು ಮನೆಯ ಕಸದಿಂದ ಬೇರೆಯಾಗಿ ಇರಿಸಿ, ಸಂಗ್ರಹಿಸುವವರಿಗೆ ಒಪ್ಪಿಸಬೇಕೆಂದು ವಿಧಿಸಿವೆ. ಅದುವರೆಗೆ ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಮಕ್ಕಳ ಕೈಗೆ ಎಟುಕದಂತೆ ಮೇಲೆ ಇರಿಸುವುದು.